ಗರ ಬಿದ್ದ ಮೇಲೆ

ತೊಂಬತ್ತರ ದಶಕದಲ್ಲಿ ಅಂಗಡಿಗಳಲ್ಲಿ ಸಿಗುತ್ತಿದ್ದ ಟಿವಿ ಗೇಮಿನ ಕ್ಯಾಸೆಟ್ಟುಗಳ ಮೇಲೆ ‘9999 ಇನ್ 1’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಿತ್ತು. ಬೇಸಿಗೆ ರಜೆ ಪೂರ್ತಿ ಆಡಿದರೂ ಮುಗಿಯದಷ್ಟು ಆಟ ಎಂದು ನಂಬಿಯೇ ನಾವು ಅದನ್ನು ಸಿಕ್ಕಿಸುತ್ತಿದ್ದೆವು. ಪಟ್ಟಿಯಲ್ಲಿ ಕೆಳಗೆ ಕೆಳಗೆ ಹೋದಂತೆ ಸಂಗತಿ ತಿಳಿಯುತ್ತಿತ್ತು. ಮಾರಿಯೋ, ಕಾಂಟ್ರಾ, ಟ್ಯಾಂಕಿನ ಆಟ, ಬಾತುಕೋಳಿ ಹೊಡೆಯುವ ಆಟ, ಹೀಗೆ ಬೆರಳೆಣಿಕೆಯ ಆಟಗಳೇ ಬೇರೆ ಬೇರೆ ಹೆಸರು ಹೊತ್ತು ತಿರುತಿರುಗಿ ಬರುತ್ತಿದ್ದವು. ಒಂದು ಕಡೆ ಮಾರಿಯೋ ಮೊದಲಿನಿಂದ ಶುರುವಾದರೆ ಇನ್ನೊಂದು ಕಡೆ ನಡುವಿನ ಯಾವುದೋ ಲೆವೆಲ್ಲಿನಿಂದ. ಲೆಕ್ಕಕ್ಕೆ ಅದೂ ಒಂದು ಆಟ.

ಹಾಗಿದ್ದೂ ಆ ಮಾರಿಯೋ ನಮಗೆ ಬೇಸರ ತರಲಿಲ್ಲ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ನಲ್ಲಿರುವುದು 32 ಲೆವೆಲ್ ಮಾತ್ರ, ಅವು ಎಂದೂ ಬದಲಾಗುವುದಿಲ್ಲ. ಮೊದಲ ಲೆವೆಲ್ಲಿನಲ್ಲಿ ನಾಲ್ಕನೆಯ ಕೊಳವೆ ದಾಟಿದ ಮೇಲೆ, ಗುಂಡಿಗಿಂತ ಮುಂಚೆ, ಕಣ್ಣಿಗೆ ಕಾಣದ ಇಟ್ಟಿಗೆಯೊಂದು ಗಾಳಿಯಲ್ಲಿದೆ. ಸರಿಯಾದ ಜಾಗದಲ್ಲಿ ಎಗರಿದರೆ ತಲೆ ಅದಕ್ಕೆ ಬಡಿದು ಹಸಿರು ಅಣಬೆ ಬೀಳುತ್ತದೆ, ಒಂದು ಲೈಫ್ ಸಿಗುತ್ತದೆ. ಎರಡನೆಯ ಲೆವೆಲ್ಲಿನಲ್ಲಿ ಮೇಲ್ಛಾವಣಿ ಹತ್ತಿ ಅದರ ಮೇಲೆಯೇ ಓಡಿದರೆ ಮುಂದಿನ ಲೋಕಗಳಿಗೆ ನೇರ ದಾರಿ. ಇವನ್ನೆಲ್ಲ ಯಾವ ಪುಸ್ತಕವೂ ಹೇಳಿಕೊಡಲಿಲ್ಲ. ಪಕ್ಕದ ಬೀದಿಯ ಯಾರೋ ಅಣ್ಣ ಹೇಳಿದ್ದು ನಮ್ಮ ಬೀದಿಗೆ ಬಂತು, ನಮ್ಮಿಂದ ಮುಂದಿನ ಬೀದಿಗೆ ಹೋಯಿತು. ಕಡೆಕಡೆಗೆ ಯೋಚನೆಯೇ ಬೇಕಿರಲಿಲ್ಲ, ಹೆಬ್ಬೆರಳಿಗೇ ದಾರಿ ಗೊತ್ತಿತ್ತು.

ಬದಲಾಗದ ಲೆವೆಲ್ ಮತ್ತೆ ಆಡುವಂತಿರುವುದಿಲ್ಲ, ಪ್ರತಿ ಸಲ ಹೊಸದಾಗಿ ಹುಟ್ಟುವ ಲೆವೆಲ್ ಆದರೆ ಎಷ್ಟು ಸಲವೂ ಆಡಬಹುದು ಎಂಬ ಮಾತನ್ನು ಆಟ ಮಾರುವವರು ಇವತ್ತು ಬಹಳ ಸಲೀಸಾಗಿ ಹೇಳುತ್ತಾರೆ. ನನಗೆ ಆ ಮಾತು ಅರ್ಧ ಮಾತ್ರ ಒಪ್ಪಿಗೆ. ಒಪ್ಪುವ ಅರ್ಧವನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನನ್ನ ಪ್ರೀತಿಯ ಆಟಗಳೆಲ್ಲ ಆ ಕಡೆಯವೇ.

1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಮೈಕಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ಹುಡುಗರು ‘ರೋಗ್’ ಎಂಬ ಆಟ ಬರೆದರು. ಅದಕ್ಕೂ ಮುಂಚೆ ಕಂಪ್ಯೂಟರಿನಲ್ಲಿ ಗುಹೆ ಸುತ್ತುವ ಆಟಗಳು ಇರಲಿಲ್ಲವೆಂದಲ್ಲ. ‘ಅಡ್ವೆಂಚರ್’ ಇತ್ತು, ಅದನ್ನು ಇವರೂ ಆಡಿದ್ದರು. ಆದರೆ ಅಂಥ ಆಟದಲ್ಲಿ ಒಗಟು ಒಡೆದ ಮೇಲೆ ಇನ್ನೇನೂ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕೆಂದರೆ, ಬರೆದವನು ತನ್ನ ಆಟವನ್ನು ತಾನು ಆಡುವಂತಿಲ್ಲ; ಎಲ್ಲಿ ಏನು ಬಚ್ಚಿಟ್ಟಿದೆ ಎಂದು ಅವನಿಗೆ ಮೊದಲೇ ಗೊತ್ತು. ತಮ್ಮನ್ನೂ ಬೆರಗಾಗಿಸುವ ಆಟ ಬೇಕೆಂದು ಇವರು ಬಯಸಿದರು. ವಿಡಿಯೋ ಗೇಮುಗಳ ಚರಿತ್ರೆಯಲ್ಲಿ ಇದಕ್ಕಿಂತ ಚೆಂದದ ಆಸೆಯನ್ನು ನಾನು ಕಂಡಿಲ್ಲ. ಮುಂದೆ ಬರ್ಕಲಿಯ ಕೆನ್ ಆರ್ನಾಲ್ಡ್ ಕೈಜೋಡಿಸಿದ. ಪರದೆಯ ಮೇಲೆ ಬೇಕಾದಲ್ಲಿ ಅಕ್ಷರ ಮೂಡಿಸುವ ‘ಕರ್ಸಸ್’ ಎಂಬ ಸಲಕರಣೆ ಅವನದೇ. ಆಟವು ಬರ್ಕಲಿಯ ಯುನಿಕ್ಸ್ ಜೊತೆ ಸೇರಿ ಕಾಲೇಜಿನಿಂದ ಕಾಲೇಜಿಗೆ ಹಬ್ಬಿತು.

ಅದರಲ್ಲಿ ಚಿತ್ರವೇ ಇಲ್ಲ. 80 ಅಕ್ಷರ ಅಗಲ, 24 ಸಾಲು ಎತ್ತರದ ಕಪ್ಪು ಪರದೆ. ಇಮೇಲ್ ವಿಳಾಸದ ನಡುವೆ ಬರುತ್ತದಲ್ಲ, ಆ ‘ಅಟ್’ ಚಿಹ್ನೆಯೇ ನೀವು. ಗೋಡೆಗಳೆಂದರೆ ಅಡ್ಡಗೆರೆ, ಉದ್ದಗೆರೆ. ಇಂಗ್ಲಿಷಿನ 26 ಅಕ್ಷರಗಳಿಗೆ 26 ಬಗೆಯ ಪ್ರಾಣಿ, ಪಿಶಾಚಿಗಳು: ಬಿ ಅಂದರೆ ಬಾವಲಿ, ಝಡ್ ಅಂದರೆ ಜೋಂಬಿ, ಡಿ ಕಂಡರೆ ಡ್ರ್ಯಾಗನ್, ಓಡುವುದು ಕ್ಷೇಮ. 26ನೆಯ ಅಂತಸ್ತಿನಲ್ಲಿ ಯೆಂಡೋರಿನ ತಾಯಿತವಿದೆ. ಅದನ್ನು ತೆಗೆದುಕೊಂಡು ಮತ್ತೆ ಮೇಲಕ್ಕೆ ಹತ್ತಿ ಬರಬೇಕು. ಪ್ರತಿ ಅಂತಸ್ತನ್ನೂ ಕಂಪ್ಯೂಟರು ಆ ಕ್ಷಣದಲ್ಲಿ ಕಟ್ಟುತ್ತದೆ. ಪರದೆಯನ್ನು ಮೂರು ಮೂರರಂತೆ ಒಂಬತ್ತು ಪಾಲು ಮಾಡಿ, ಪಾಲಿಗೊಂದು ಕೋಣೆಯಿಟ್ಟು, ಕೆಲವನ್ನು ಖಾಲಿ ಬಿಟ್ಟು, ನಡುವೆ ಓಣಿಗಳನ್ನು ಎಳೆಯುತ್ತದೆ. ಸತ್ತರೆ ಸತ್ತಿರಿ. ಉಳಿಸಿಟ್ಟ ಆಟಕ್ಕೆ ಹಿಂತಿರುಗುವ ಅವಕಾಶವಿಲ್ಲ. ಮತ್ತೆ ಒಂದನೆಯ ಅಂತಸ್ತು, ಮತ್ತೆ ಬೇರೆಯೇ ನಕ್ಷೆ.

ಕೋಣೆ, ಓಣಿಗಳಿಗಿಂತ ನನ್ನನ್ನು ಹಿಡಿದದ್ದು ಅದರ ಮದ್ದಿನ ಸೀಸೆಗಳು. ದಾರಿಯಲ್ಲಿ ಬಣ್ಣಬಣ್ಣದ ಮದ್ದು ಸಿಗುತ್ತದೆ: ನೀಲಿ, ಹಸಿರು, ಕಂದು. ಯಾವುದು ಗಾಯ ಮಾಯಿಸುತ್ತದೆ, ಯಾವುದು ಕಣ್ಣು ಕತ್ತಲೆ ಮಾಡುತ್ತದೆ ಎಂದು ಕುಡಿದೇ ತಿಳಿಯಬೇಕು. ಕುಡಿದು ತಿಳಿದರೂ ಆ ತಿಳಿವಳಿಕೆ ಈ ಆಟಕ್ಕೆ ಮಾತ್ರ, ಮುಂದಿನ ಆಟದಲ್ಲಿ ಬಣ್ಣಗಳು ಅದಲುಬದಲಾಗಿರುತ್ತವೆ. ನಿನ್ನೆ ಜೀವ ಉಳಿಸಿದ ನೀಲಿ ಮದ್ದು ಇವತ್ತು ಕುರುಡು ಮಾಡಬಹುದು. ಹಾಗಾದರೆ ನಿನ್ನೆಯ ಆಟದಿಂದ ಇವತ್ತಿನ ಆಟಕ್ಕೆ ಏನು ಬಂತು? ಗೊತ್ತಿಲ್ಲದ ಮದ್ದನ್ನು ಶತ್ರು ಎದುರಿಗಿರುವಾಗ ಕುಡಿಯಬಾರದು, ಮೈಯಲ್ಲಿ ಕಸುವಿದ್ದು ಸುತ್ತ ನಿಶ್ಶಬ್ದವಾಗಿದ್ದಾಗ ಕುಡಿದು ನೋಡಬೇಕು ಎಂಬ ವಿವೇಕ ಬಂತು. ಒಂದೇ ಜಾತಿಯ ಸೀಸೆ ಎರಡು ಮೂರು ಸಿಕ್ಕರೆ ಅದು ಸಾಮಾನ್ಯವಾಗಿ ಸಿಗುವ ಮದ್ದೇ ಇರಬೇಕು ಎಂಬ ಊಹೆ ಬಂತು. ಇಬ್ಬರು ಒಟ್ಟಿಗೆ ಮೇಲೆ ಬಿದ್ದರೆ ಓಣಿಯೊಳಗೆ ಸರಿದು ಒಬ್ಬೊಬ್ಬರನ್ನೇ ಎದುರಿಸುವ ರೂಢಿ ಬಂತು. ಉಳಿದದ್ದನ್ನೆಲ್ಲ ಆಟ ಕಿತ್ತುಕೊಂಡಿತು. ಮಾರಿಯೋದಲ್ಲಿ ನನ್ನ ಹೆಬ್ಬೆರಳು ಕಲಿತದ್ದು ಒಂದು ಜಾಗವನ್ನು; ಇಲ್ಲಿ ಜಾಗವೇ ಉಳಿಯದಿರುವುದರಿಂದ ಆಟದ ಕಟ್ಟಳೆಗಳನ್ನೇ ಕಲಿಯಬೇಕಾಯಿತು. ರ‍್ಯಾಂಡಮ್ ಲೆವೆಲ್ಲುಗಳ ನಿಜವಾದ ಉಪಕಾರ ಇದೇ ಎಂದು ನಾನು ತಿಳಿದಿದ್ದೇನೆ. ಹೊಸತನ ಅದರ ಜೊತೆಗೆ ಸಿಗುವ ಲಾಭ, ಅಷ್ಟೇ.

ನಮ್ಮ ಚೌಕಾಬಾರದಲ್ಲಿ ಇದು ಇನ್ನೂ ತಿಳಿಯಾಗಿ ಕಾಣುತ್ತದೆ. ಕವಡೆ ಮೊದಲು ಬೀಳುತ್ತದೆ, ಯೋಚನೆ ಆಮೇಲೆ. ಮೂರು ಬಿತ್ತು ಅನ್ನಿ. ಮುಂದಿರುವ ಕಾಯಿಯನ್ನು ಕಟ್ಟೆಗೆ ಸೇರಿಸಿ ಕಾಪಾಡಿಕೊಳ್ಳಬೇಕೋ, ಹಿಂದಿರುವುದನ್ನು ನಡೆಸಿ ಎದುರಾಳಿಯ ಕಾಯಿ ಹೊಡೆಯಬೇಕೋ, ಅದು ನಿಮ್ಮ ತಲೆ. ಅದೃಷ್ಟ ಪ್ರಶ್ನೆ ಕೇಳುತ್ತದೆ, ಉತ್ತರ ಮನುಷ್ಯನದು. ಇದಕ್ಕೆ ತದ್ವಿರುದ್ಧವಾದ ಅದೃಷ್ಟವೂ ಇದೆ: ಎಲ್ಲ ಯೋಚಿಸಿ ಗುರಿಯಿಟ್ಟು ಬಾಣ ಬಿಟ್ಟ ಮೇಲೆ, ಅದು ತಗುಲಿತೋ ಇಲ್ಲವೋ ಎಂದು ಯಂತ್ರ ಒಳಗೊಳಗೇ ದಾಳ ಉರುಳಿಸಿ ಹೇಳುವುದು. ‘ರೋಗ್’ನಲ್ಲಿ ಇದೂ ಇದೆ, ಅದು ನನಗೆ ಅಷ್ಟು ಹಿತವಲ್ಲ. ಗರ ಬಿದ್ದ ಮೇಲೆ ಯೋಚಿಸುವ ಆಟಕ್ಕೆ ಮತ್ತೆ ಮತ್ತೆ ಹೋಗಬೇಕೆನಿಸುತ್ತದೆ. ಯೋಚಿಸಿದ ಮೇಲೆ ಗರ ಬೀಳುವ ಆಟದಲ್ಲಿ ಸೋತರೆ ಸೋಲಿನಿಂದ ಕಲಿಯುವುದಕ್ಕೇನೂ ಇರುವುದಿಲ್ಲ.

ಗರ ಮೊದಲು ಬಿದ್ದರೂ ಸಾಲದು, ಬಿದ್ದ ಗರ ಆಡುವಂತಿರಬೇಕು. ಈ ಕೆಲಸವನ್ನು ಡೆರೆಕ್ ಯು ಎಂಬಾತ ‘ಸ್ಪಿಲಂಕಿ’ಯಲ್ಲಿ ಮಾಡಿರುವ ರೀತಿ ನೋಡಿದರೆ ಕೈಮುಗಿಯಬೇಕೆನಿಸುತ್ತದೆ. 2008ರಲ್ಲಿ ಪುಕ್ಕಟೆಯಾಗಿ ಬಂದು 2012ರಲ್ಲಿ ಹೊಸ ರೂಪ ತಳೆದ ಆಟ ಅದು. ಮಾರಿಯೋನ ಹಾಗೆ ಓಡಿ ಎಗರುವುದು, ಆದರೆ ‘ರೋಗ್’ನ ಹಾಗೆ ಪ್ರತಿ ಸಲ ಬೇರೆ ಗುಹೆ. ಪ್ರತಿ ಲೆವೆಲ್ಲಿಗೆ ನಾಲ್ಕು ಸಾಲು, ಸಾಲಿಗೆ ನಾಲ್ಕು, ಒಟ್ಟು 16 ಕೋಣೆ. ಕಂಪ್ಯೂಟರು ಮೇಲಿನ ಸಾಲಿನಲ್ಲಿ ಬಾಗಿಲಿಟ್ಟು, ಅಲ್ಲಿಂದ ಎಡಕ್ಕೋ ಬಲಕ್ಕೋ ಕೆಳಕ್ಕೋ ಹೆಜ್ಜೆ ಹಾಕುತ್ತಾ ಕೊನೆಯ ಸಾಲಿನವರೆಗೆ ಒಂದು ದಾರಿ ಎಳೆಯುತ್ತದೆ. ಆ ದಾರಿಯ ಮೇಲೆ ಬರುವ ಕೋಣೆಗಳಿಗೆ, ತಕ್ಕ ಕಡೆ ತೆರಪಿರುವ ಮಾದರಿಗಳನ್ನೇ ಆರಿಸುತ್ತದೆ. ಆ ಮಾದರಿಗಳನ್ನು ಬರೆದದ್ದು ಮನುಷ್ಯ. ಮಿಕ್ಕ ಕೋಣೆಗಳು ಹೇಗಿದ್ದರೂ ಸರಿ. ಹಾಗಾಗಿ ಗುಹೆ ಎಷ್ಟೇ ವಿಚಿತ್ರವಾಗಿ ಹುಟ್ಟಲಿ, ಮೇಲಿನಿಂದ ಕೆಳಕ್ಕೆ ಬಾಂಬು, ಹಗ್ಗಗಳ ಹಂಗಿಲ್ಲದೆ ಒಂದು ದಾರಿ ಇದ್ದೇ ಇರುತ್ತದೆ. ಸತ್ತಾಗ ‘ದಾರಿಯೇ ಇರಲಿಲ್ಲ’ ಎನ್ನುವಂತಿಲ್ಲ.

ಆಮೇಲೆ ಅದರೊಳಗಿನ ಜೀವಿಗಳ ಪಾಡು. ಗಣಿಯ ಒಂದು ಕೋಣೆಯಲ್ಲಿ ಚಿನ್ನದ ವಿಗ್ರಹವಿರುತ್ತದೆ. ಎತ್ತಿಕೊಂಡರೆ ದೊಡ್ಡ ಬಂಡೆಯೊಂದು ಉರುಳಿ ಬರುತ್ತದೆ, ಅಲ್ಲಿಂದ ಓಡಬೇಕು. ಬೇರೆಲ್ಲೋ ಒಂದು ಅಂಗಡಿ. ಅಂಗಡಿಯವನ ಹತ್ತಿರ ಬಂದೂಕಿದೆ, ಕದ್ದರೆ ಅಥವಾ ಅಂಗಡಿಗೆ ಪೆಟ್ಟಾದರೆ ಬಿಡುವುದಿಲ್ಲ. ಎರಡು ಬೇರೆ ಬೇರೆ ಕಟ್ಟಳೆಗಳು. ಒಂದು ರಾತ್ರಿ ನಾನು ವಿಗ್ರಹ ಎತ್ತಿಕೊಂಡು ಬಂಡೆಯಿಂದ ತಪ್ಪಿಸಿಕೊಂಡು ಹಗ್ಗ ಹಿಡಿದು ನೇತಾಡುತ್ತಿದ್ದೆ. ಬಂಡೆ ನನ್ನನ್ನು ದಾಟಿ, ಗೋಡೆ ಒಡೆದುಕೊಂಡು, ಪಕ್ಕದ ಅಂಗಡಿಗೆ ನುಗ್ಗಿತು. ಅಂಗಡಿಯವನು ಬಂದೂಕು ಹಿಡಿದು ಹೊರಗೆ ಹಾರಿದ. ಇಲ್ಲಿ ಹೀಗಾಗಲಿ ಎಂದು ಆ ಲೆವೆಲ್ಲಿನಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಎರಡು ಕಟ್ಟಳೆಗಳು ಅಕ್ಕಪಕ್ಕ ಬಂದು ಬಿದ್ದಿದ್ದವು, ಅಷ್ಟೆ. ಆಮೇಲಿಂದ ವಿಗ್ರಹ ಕಂಡರೆ ಮೊದಲು ಅಂಗಡಿ ಯಾವ ಮಗ್ಗುಲಿಗಿದೆ ಎಂದು ನೋಡುತ್ತೇನೆ. ಹತ್ತಾರು ವರ್ಷದ ಆಟದಲ್ಲೂ ಇಂಥದ್ದು ತೀರುವುದಿಲ್ಲ, ಯಾಕೆಂದರೆ ಕಟ್ಟಳೆಗಳು ಒಂದನ್ನೊಂದು ಮುಟ್ಟುತ್ತವೆ.

ಒಪ್ಪದ ಅರ್ಧಕ್ಕೆ ಬರುತ್ತೇನೆ. ಕಟ್ಟಳೆಗಳು ಒಂದನ್ನೊಂದು ಮುಟ್ಟದೆ ಬರೀ ಮೇಲಿನ ತೋರಿಕೆ ಬದಲಾಗುತ್ತಾ ಹೋದರೆ ನಮಗೆ ಸಿಗುವುದು ಮತ್ತದೇ 9999. ‘ನೋ ಮ್ಯಾನ್ಸ್ ಸ್ಕೈ’ 2016ರ ಆಗಸ್ಟಿನಲ್ಲಿ ಬಂದಾಗ ಅದರಲ್ಲಿ 18 ಕ್ವಿಂಟಿಲಿಯನ್ ಗ್ರಹಗಳಿವೆ ಎಂದು ಲೋಕವೆಲ್ಲ ಮಾತಾಡಿತು. 18ರ ಮುಂದೆ ಹದಿನೆಂಟು ಸೊನ್ನೆ. ಒಂದೊಂದು ಗ್ರಹದ ಆಕಾಶಕ್ಕೂ ಹುಲ್ಲಿಗೂ ಬೇರೆ ಬಣ್ಣ, ಪ್ರಾಣಿಗಳಿಗೆ ಬೇರೆ ಕೊಂಬು, ಬೇರೆ ಕಾಲು. ಮೊದಲ ಕೆಲವು ಗ್ರಹಗಳಲ್ಲಿ ಇಳಿದಾಗ ಮೈ ಜುಂ ಎಂದದ್ದು ನಿಜ, ಆ ನೋಟ ಇವತ್ತಿಗೂ ಸುಂದರ. ಆದರೆ ಇಳಿದ ಮೇಲೆ ಅಲ್ಲಿ ಮಾಡುವ ಕೆಲಸ ಒಂದೇ. ಅದೇ ಗಣಿಗಾರಿಕೆ, ಅದೇ ಇಂಧನ ತುಂಬುವುದು. ಕೊಂಬು ಮೂರಿದ್ದರೂ ಎರಡಿದ್ದರೂ ನಾನು ತೆಗೆದುಕೊಳ್ಳುವ ತೀರ್ಮಾನ ಬದಲಾಗುವುದಿಲ್ಲ. ಮಾಡಿದವರು ಆಮೇಲೆ ವರ್ಷಗಟ್ಟಲೆ ಬಿಡದೆ ದುಡಿದು, ಮನೆ ಕಟ್ಟುವುದು, ಜೊತೆಗಾರರೊಡನೆ ಆಡುವುದು ಇವೆಲ್ಲ ಸೇರಿಸಿ ಆಟವನ್ನು ಬಹಳ ಮೇಲೆತ್ತಿದರು. ಗ್ರಹಗಳ ಎಣಿಕೆಯನ್ನು ಹೆಚ್ಚಿಸಿ ಮಾಡಿದ ಸುಧಾರಣೆ ಅದಲ್ಲ ಎಂಬುದನ್ನು ಮಾತ್ರ ಹೇಳಬೇಕು.

ಈ ಎಚ್ಚರ 1984ರಲ್ಲೇ ಕೆಲವರಿಗಿತ್ತು. ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಬರೆದ ‘ಎಲೀಟ್’ ಎಂಬ ಆಟ, ಬರೀ 32 ಕಿಲೋಬೈಟ್ ನೆನಪಿನ ಬಿಬಿಸಿ ಮೈಕ್ರೋ ಯಂತ್ರದಲ್ಲಿ ಎಂಟು ನಕ್ಷತ್ರಪುಂಜಗಳನ್ನು, ಒಂದೊಂದರಲ್ಲಿ 256 ಲೋಕಗಳನ್ನು ಹಿಡಿದಿಟ್ಟಿತ್ತು. ಒಂದು ಬೀಜಸಂಖ್ಯೆಯಿಂದ ಲೆಕ್ಕ ಹಾಕಿ ಲೋಕದ ಹೆಸರು, ಜನ, ವ್ಯಾಪಾರ ಎಲ್ಲವನ್ನೂ ಹುಟ್ಟಿಸುವ ಉಪಾಯ. ಅದೇ ಲೆಕ್ಕದಿಂದ ಕೋಟ್ಯಂತರ ಪುಂಜಗಳನ್ನು ಹುಟ್ಟಿಸಬಹುದಿತ್ತು, ಬರೆದವರ ಮನಸ್ಸಿನಲ್ಲಿದ್ದದ್ದೂ ಅದೇ. ಅಷ್ಟು ಕೊಟ್ಟರೆ ಇದು ಬರೀ ಲೆಕ್ಕ ಎಂದು ಆಡುವವರಿಗೆ ತಿಳಿದುಹೋಗುತ್ತದೆಂದು ಪ್ರಕಾಶಕರು ಬೇಡವೆಂದರು. ಎಂಟಕ್ಕೆ ನಿಲ್ಲಿಸಿದ್ದರಿಂದ ಅವು ಊರುಗಳಂತೆ ಉಳಿದವು. ‘ಲಾವೆ’ ಎಂಬ ಮೊದಲ ನಿಲ್ದಾಣದ ಹೆಸರು ಹೇಳಿದರೆ ಅದನ್ನು ಆಡಿದವರ ಮುಖ ಇವತ್ತಿಗೂ ಅರಳುತ್ತದೆ.

ಇಲ್ಲಿ ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. ಯಂತ್ರ ಲೆವೆಲ್ ಹುಟ್ಟಿಸುವುದೇ ಬೇರೆ, ಪ್ರತಿ ಸಲ ಬೇರೆ ಬೇರೆ ಹುಟ್ಟಿಸುವುದೇ ಬೇರೆ. 1982ರಲ್ಲಿ ಕ್ಯಾರಲ್ ಶಾ ಬರೆದ ‘ರಿವರ್ ರೇಡ್’ ಆಟದ ಆ ಉದ್ದನೆಯ ನದಿಯನ್ನು ಎಲ್ಲೂ ಬರೆದಿಟ್ಟಿಲ್ಲ, ಜಾಗವಿರಲಿಲ್ಲ. ಆಡುತ್ತಿದ್ದಂತೆ ಲೆಕ್ಕದಿಂದ ಹುಟ್ಟುತ್ತದೆ. ಆದರೆ ಲೆಕ್ಕ ಶುರುವಾಗುವ ಅಂಕಿ ಯಾವಾಗಲೂ ಒಂದೇ ಆದ್ದರಿಂದ ನದಿಯೂ ಎಲ್ಲರಿಗೂ ಒಂದೇ. ಆ ನದಿಯ ತಿರುವುಗಳನ್ನು ಜನ ಮಾರಿಯೋನಂತೆಯೇ ಬಾಯಿಪಾಠ ಮಾಡಿಕೊಂಡರು.

ಈ ‘ಶುರುವಾಗುವ ಅಂಕಿ’, ಆಟದವರು ಸೀಡ್ ಎನ್ನುತ್ತಾರಲ್ಲ ಅದರ ಬೆಲೆ ನನಗೆ ಮನದಟ್ಟಾದದ್ದು ನಮ್ಮ ದೊಡ್ಡಪ್ಪನಿಂದ. ನಿವೃತ್ತರಾದ ಮೇಲೆ ಅವರು ಮನೆಯ ಹಳೆಯ ಕಂಪ್ಯೂಟರಿನಲ್ಲಿ ಫ್ರೀಸೆಲ್ ಆಡುತ್ತಿದ್ದರು. ಇಸ್ಪೀಟಿನ 52 ಎಲೆಯೂ ಮೊದಲೇ ಮುಖ ಮೇಲಾಗಿ ಎಂಟು ಸಾಲಿನಲ್ಲಿ ಬಿದ್ದಿರುತ್ತದೆ. ಕಲಸುವಾಗ ಮಾತ್ರ ಅದೃಷ್ಟ, ಬಿದ್ದ ಮೇಲೆ ಪೂರ್ತಿ ಲೆಕ್ಕಾಚಾರ. ಚೌಕಾಬಾರಕ್ಕಿಂತಲೂ ಒಂದು ಕೈ ಮೇಲು. ವಿಂಡೋಸ್ ಜೊತೆ ಬರುತ್ತಿದ್ದ ಆ ಆಟದಲ್ಲಿ ಒಂದೊಂದು ಹಂಚಿಕೆಗೂ ಒಂದೊಂದು ನಂಬರ್ ಇತ್ತು, 1ರಿಂದ 32,000ದವರೆಗೆ. ದೊಡ್ಡಪ್ಪ ಕ್ಯಾಲೆಂಡರಿನ ಹರಿದ ಹಾಳೆಗಳ ಹಿಂದೆ ನಂಬರುಗಳನ್ನು ಬರೆದಿಡುತ್ತಿದ್ದರು. ಗೆದ್ದದ್ದಕ್ಕೆ ಸರಿ ಗುರುತು, ಸೋತದ್ದಕ್ಕೆ ಚುಕ್ಕೆ. ಬೆಳಗಿನ ವಾಕಿಂಗಿನಲ್ಲಿ ಸಿಗುವ ಅವರ ಹಳೆಯ ಸಹೋದ್ಯೋಗಿಯೊಬ್ಬರಿಗೂ ಇದೇ ಹುಚ್ಚು. “ರಾಯರೇ, ನಿನ್ನೆ ಕೊಟ್ಟ ನಂಬರ್ ಬಿಡಿಸಿದ್ರಾ?” “ಇಲ್ಲ ಸ್ವಾಮಿ, ಕಳಾವರ್ ಎಕ್ಕ ಈಚೆಗೇ ಬರಲೊಲ್ಲದು.” “ಮೊದಲು ಆಟೀನ್ ರಾಣಿನ ಎತ್ತಿಡಿ, ಆಮೇಲೆ ನೋಡಿ.” ಕಲಸಿದ ಎಲೆ ಒಂದು ನಂಬರಿನಿಂದಾಗಿ ಇಬ್ಬರಿಗೂ ಗೊತ್ತಿರುವ ಜಾಗವಾಗಿತ್ತು.

ಎಲ್ಲ ಹಂಚಿಕೆಯನ್ನೂ ಗೆಲ್ಲಬಹುದೆಂಬ ನಂಬಿಕೆಯಿದೆ, ಆದರೆ ಸಾಬೀತಾಗಿಲ್ಲ ಎಂದು ಆಟದ ಜೊತೆಗಿದ್ದ ಸಹಾಯ ಪುಟ ಹೇಳುತ್ತಿತ್ತು. ಅದನ್ನು ಪರೀಕ್ಷಿಸಲು 1994ರಲ್ಲಿ ಡೇವ್ ರಿಂಗ್ ಎಂಬಾತ ಇಂಟರ್ನೆಟ್ಟಿನಲ್ಲಿ ಸ್ವಯಂಸೇವಕರನ್ನು ಕೂಡಿಸಿ 32,000 ಆಟಗಳನ್ನೂ ಹಂಚಿಕೊಟ್ಟ. ಒಂದಾದ ಮೇಲೊಂದು ಬಿಡಿಸುತ್ತಾ ಬಂದು ಕೊನೆಗೆ ಯಾರಿಂದಲೂ ಆಗದೆ ಉಳಿದದ್ದು ಒಂದೇ: 11982. ಕಂಪ್ಯೂಟರಿನಿಂದ ಎಲ್ಲ ದಾರಿಗಳನ್ನೂ ತಡಕಿಸಿದಾಗಲೂ ಅದಕ್ಕೆ ಬಿಡುಗಡೆ ಇಲ್ಲವೆಂದೇ ಖಚಿತವಾಯಿತು. ಎಕ್ಕಗಳು ಸಾಲುಗಳ ಬುಡದಲ್ಲಿ ಹೂತುಹೋಗಿವೆ. ಈ ಸಂಗತಿಯನ್ನು ನಾನು ಹೇಳಿದಾಗ ದೊಡ್ಡಪ್ಪ ಬಹಳ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಮಿಕ್ಕಿದ್ದೆಲ್ಲ ಆಗುತ್ತೆ ಅಂತಾಯ್ತು” ಅಂದರು. ಅವರ ಹಾಳೆಗಳಲ್ಲಿ ಚುಕ್ಕೆ ಬಿದ್ದ ನಂಬರುಗಳು ಬಹಳ ಇದ್ದವು. ಅವನ್ನೆಲ್ಲ ಮತ್ತೆ ಶುರು ಮಾಡಿದರು.

ಮತ್ತೆ ಆಡಬೇಕೆನಿಸುವುದರ ಗುಟ್ಟು ಆ ಮಾತಿನಲ್ಲಿದೆ. ಲೆವೆಲ್ ಹೊಸದೋ ಹಳೆಯದೋ ಎಂಬುದಕ್ಕಿಂತ, ಅದು ಬಿಡಿಸಲು ಬರುವಂಥದ್ದು, ನಾನು ಸೋತದ್ದು ನನ್ನ ನಡೆಯಿಂದ ಎಂಬ ಭರವಸೆ ಬೇಕು. ‘ಸ್ಪಿಲಂಕಿ’ ಅದನ್ನು ದಾರಿ ಎಳೆದು ಕೊಟ್ಟಿತು, ಫ್ರೀಸೆಲ್‌ಗೆ ಆ ಸ್ವಯಂಸೇವಕರು ಆಡಿ ಆಡಿ ಕೊಟ್ಟರು.

ಕಲಸಿದ ಲೆವೆಲ್ಲಿನಿಂದ ನಾವು ಕಳೆದುಕೊಳ್ಳುವುದೂ ಒಂದಿದೆ, ಅದನ್ನು ಮರೆಮಾಚಬಾರದು. ಮಾರಿಯೋನ ಆ ಕಾಣದ ಇಟ್ಟಿಗೆಯ ಮಾತು ಬೀದಿಯಿಂದ ಬೀದಿಗೆ ಹೋದದ್ದು ಅದು ಎಲ್ಲರ ಟಿವಿಯಲ್ಲೂ ಅದೇ ಜಾಗದಲ್ಲಿದ್ದುದರಿಂದ. ನನ್ನ ಗುಹೆ ನನಗೊಬ್ಬನಿಗೇ ಕಂಡು ಕುಸಿದುಹೋದರೆ ಯಾರ ಹತ್ತಿರ ಏನು ಹೇಳಲಿ? ‘ಸ್ಪಿಲಂಕಿ’ಯ ಹೊಸ ರೂಪ 2013ರಲ್ಲಿ ಕಂಪ್ಯೂಟರಿಗೆ ಬಂದಾಗ ಇದಕ್ಕೆ ಒಂದು ಪರಿಹಾರ ತಂದಿತು: ದಿನಕ್ಕೊಂದು ಗುಹೆ, ಜಗತ್ತಿಗೆಲ್ಲ ಅದೇ, ಪ್ರತಿಯೊಬ್ಬರಿಗೂ ಒಂದೇ ಅವಕಾಶ. ಮೆಲ್ಬರ್ನಿನಲ್ಲಿರುವ ಅಕ್ಕನ ಮಗ ನನಗಿಂತ ಮುಂಚೆ ಎದ್ದು ಆಡಿ ಮುಗಿಸಿರುತ್ತಾನೆ. ಸಂಜೆ ಫೋನಿನಲ್ಲಿ ಅವನ ಮೊದಲ ಮಾತು, “ಮಾಮ, ಆಡಿದ್ರಾ? ಎರಡನೇದು ಕತ್ತಲೆ ಲೆವೆಲ್, ಅಲ್ಲಿ ಹಾವಿನ ಗುಂಡಿ ಇತ್ತಲ್ಲ…” ನಾನು ಆಡಿಲ್ಲವೆಂದರೆ “ಹಾಗಾದ್ರೆ ಹೇಳಲ್ಲ, ಆಡಿ ಆಮೇಲೆ ಫೋನ್ ಮಾಡಿ” ಎಂದು ಇಟ್ಟೇ ಬಿಡುತ್ತಾನೆ. ಅವನಿಗೆ ಕನ್ನಡ ಮಾತು ಅಷ್ಟಾಗಿ ಬರುವುದಿಲ್ಲ ಎಂದು ಅಕ್ಕ ಕೊರಗುತ್ತಾಳೆ. ಹಗ್ಗ, ಬಾಂಬು, ಗುಂಡಿ, ಬಾವಲಿಗಳ ಬಗ್ಗೆ ಅವನು ಕನ್ನಡದಲ್ಲೇ ಅರ್ಧ ಗಂಟೆ ಮಾತಾಡಬಲ್ಲ.

ಈಚೆಗೆ ಅವನೇ ನನಗೆ ತೋರಿಸಿದ್ದು, ಹಳೆಯ ಆಟಗಳನ್ನು ಅಭಿಮಾನಿಗಳು ಕಲಸಿ ಆಡುವ ಪದ್ಧತಿಯನ್ನು. 1991ರ ‘ಝೆಲ್ಡಾ: ಎ ಲಿಂಕ್ ಟು ದ ಪಾಸ್ಟ್’ ತಗೊಳ್ಳಿ. ಅದರ ಕಾಡು, ಗುಡ್ಡ, ನೆಲಮಾಳಿಗೆ ಯಾವುದನ್ನೂ ಮುಟ್ಟುವುದಿಲ್ಲ, ಪೆಟ್ಟಿಗೆಗಳೊಳಗಿನ ವಸ್ತುಗಳನ್ನು ಮಾತ್ರ ಅದಲುಬದಲು ಮಾಡುತ್ತಾರೆ. ಬಿಲ್ಲು ಇರಬೇಕಾದಲ್ಲಿ ಬರೀ ಕಾಸು. ಆಟದ ನಡುವೆ ಸಿಗಬೇಕಾದ ಸುತ್ತಿಗೆ ಊರಬಾಗಿಲಲ್ಲೇ. ಕಲಸುವಾಗ ಪ್ರೋಗ್ರಾಮು ಆಟವನ್ನು ಕೊನೆಮುಟ್ಟಿಸಲು ಸಾಧ್ಯವೇ ಎಂದು ಪರೀಕ್ಷಿಸುತ್ತದೆ, ಹಾಗಾಗಿ 11982ರ ಗತಿ ಬರುವುದಿಲ್ಲ. ಮೂರು ದಶಕದಿಂದ ಆ ನೆಲದ ಒಂದೊಂದು ಪೊದೆಯನ್ನೂ ಬಲ್ಲವರು, ಸುತ್ತಿಗೆಯಿದೆ, ದೀಪವಿಲ್ಲ, ಈ ಎರಡರಲ್ಲಿ ಎಷ್ಟು ದೂರ ಹೋಗಬಹುದು ಎಂದು ಕೂತು ಲೆಕ್ಕ ಹಾಕುತ್ತಾರೆ. ಕಂಠಪಾಠವೂ ಬೇಕು, ಗರ ಬಿದ್ದ ಮೇಲಿನ ಯೋಚನೆಯೂ ಬೇಕು. ಒಂದೇ ಸೀಡ್ ಹಂಚಿಕೊಂಡು ಇಬ್ಬರು ಪಂದ್ಯ ಕಟ್ಟುತ್ತಾರೆ. ಒಬ್ಬ ಮರುಭೂಮಿಯತ್ತ ಹೊರಟರೆ ಇನ್ನೊಬ್ಬ ಪೂರ್ವದ ಅರಮನೆಯತ್ತ. ಯಾರ ಊಹೆ ಸರಿ ಎಂಬುದು ಪೆಟ್ಟಿಗೆ ತೆರೆದ ಮೇಲೆಯೇ ಗೊತ್ತಾಗುವುದು. ಮುಂದಿನ ಭಾನುವಾರ ಅಕ್ಕನ ಮಗ ನನ್ನನ್ನು ಅಂಥ ಒಂದು ಪಂದ್ಯಕ್ಕೆ ಕರೆದಿದ್ದಾನೆ. ಮೂಲ ನಕ್ಷೆಯನ್ನು ಪೂರ್ತಿ ಕಲಿತುಕೊಂಡು ಬನ್ನಿ, ಇಲ್ಲದಿದ್ದರೆ ಮಜಾ ಇಲ್ಲ ಎಂದು ತಾಕೀತು ಮಾಡಿದ್ದಾನೆ. ಕಲಿಯುತ್ತಿದ್ದೇನೆ, ಈಗ ನೆಲಮಾಳಿಗೆಗಳ ಬೀಗದ ಕೈಗಳ ಹತ್ತಿರ ಇದ್ದೇನೆ.